ನಂಜುಂಡಸ್ವಾಮಿ, ಎಂ.ಡಿ.

ಮಹಾಂತದೇವರು ನಂಜುಂಡಸ್ವಾಮಿ (13 ಫೆಬ್ರವರಿ 1936 - 3 ಫೆಬ್ರವರಿ 2004): ಕಾನೂನು ಪ್ರಾಧ್ಯಾಪಕ, ಸಮಾಜವಾದಿ ಚಿಂತಕ, ಕರ್ನಾಟಕ ರಾಜ್ಯ ರೈತ ಸಂಘದ ಅಧ್ಯಕ್ಷ, ವಿಧಾನಸಭೆಯ ಮಾಜಿ ಸದಸ್ಯ. ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಕರಡು, ವಿಶ್ವ ವ್ಯಾಪಾರ ಸಂಸ್ಥೆ ಮತ್ತು ಬೀಜದ ಪೇಟೆಂಟುಗಳ ವಿರುದ್ಧ ಭಾರತದ ರೈತರನ್ನು ಸಂಘಟಿಸಿದ ರಾಷ್ಟ್ರೀಯ ನಾಯಕರಲ್ಲಿ ಮುಂಚೂಣಿಯವರು. ಸಂಘದವರಿಗೆ, ಪತ್ರಕರ್ತರಿಗೆ, ಎದುರಾಳಿಗಳಿಗೂ ಅವರು ಕೊನೆಯವರೆಗೆ ‘ಪ್ರೊಫೆಸರ್’ ಆಗಿಯೇ ಉಳಿದರು. ಅಧಿಕಾರ ಎಲ್ಲಿಂದ ಬರುತ್ತದೆ, ಯಾವ ಸಾಲ ನ್ಯಾಯವಾದ ಸಾಲ, ಒಡೆತನಕ್ಕೆ ಮಿತಿ ಎಲ್ಲಿದೆ ಎಂಬ ನ್ಯಾಯಶಾಸ್ತ್ರದ ಮೂಲ ಪ್ರಶ್ನೆಗಳನ್ನು ಅವರು ತರಗತಿಯಿಂದ ಎತ್ತಿ ಹಳ್ಳಿಯ ಅರಳಿಕಟ್ಟೆಗೆ ತಂದರು. ಅವರ ಹೋರಾಟದ ಪ್ರತಿಯೊಂದು ಹೆಜ್ಜೆಯ ಹಿಂದೆಯೂ ಈ ಪ್ರಶ್ನೆಗಳಿವೆ.

ಹುಟ್ಟಿದ್ದು ಮೈಸೂರಿನಲ್ಲಿ. ಕಾನೂನು ಪದವಿ ಪಡೆದ ಮೇಲೆ 1960ರ ದಶಕದ ಮೊದಲ ವರ್ಷಗಳಲ್ಲಿ ನೆದರ್ಲೆಂಡ್ಸಿನ ಹೇಗ್ ನಗರದ ಅಂತಾರಾಷ್ಟ್ರೀಯ ಕಾನೂನು ಅಕಾಡೆಮಿಯಲ್ಲಿ, ಬಳಿಕ ಜರ್ಮನಿಯಲ್ಲಿ ಓದಿದರು. ದೇಶದೇಶಗಳ ನಡುವಿನ ಒಪ್ಪಂದಗಳು ಹೇಗೆ ರೂಪುಗೊಳ್ಳುತ್ತವೆ, ಅವುಗಳ ಭಾಷೆಯಲ್ಲಿ ಬಲಾಢ್ಯರ ಹಿತ ಹೇಗೆ ಅಡಗಿರುತ್ತದೆ ಎಂಬುದನ್ನು ಬಲ್ಲ ವಿದ್ಯೆ ಅದು. ಮೂವತ್ತು ವರ್ಷಗಳ ನಂತರ ಡಂಕೆಲ್ ಕರಡು ಬಂದಾಗ, ನೂರಾರು ಪುಟಗಳ ಆ ದಸ್ತಾವೇಜನ್ನು ಓದಿ, ಒಂದೊಂದು ಕಲಮನ್ನೂ ರೈತರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ರೈತನಾಯಕರು ದೇಶದಲ್ಲಿ ಕೆಲವೇ ಮಂದಿ ಇದ್ದರು. ಆ ಶಕ್ತಿ ಬಂದದ್ದು ಈ ಓದಿನಿಂದ.

ಊರಿಗೆ ಮರಳಿ ಕಾನೂನು ಬೋಧಿಸುತ್ತಿದ್ದ ದಿನಗಳಲ್ಲಿ ಅವರನ್ನು ಸೆಳೆದದ್ದು ರಾಮಮನೋಹರ ಲೋಹಿಯಾ ಅವರ ವಿಚಾರ ಮತ್ತು ಶಾಂತವೇರಿ ಗೋಪಾಲಗೌಡರ ಬದುಕು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ನಿಂತಿದ್ದ ಗೋಪಾಲಗೌಡರು ಆ ತಲೆಮಾರಿನ ಓದಿದ ಹುಡುಗರಿಗೆಲ್ಲ ಆದರ್ಶವಾಗಿದ್ದರು. ನಂಜುಂಡಸ್ವಾಮಿಯವರು ಸಮಾಜವಾದಿ ಯುವಜನ ಸಭಾದ ಮುಂದಾಳಾಗಿ, ಕೆ.ಪಿ. ಪೂರ್ಣಚಂದ್ರ ತೇಜಸ್ವಿ, ಕೆ. ರಾಮದಾಸ್, ಕಡಿದಾಳು ಶಾಮಣ್ಣ, ಎನ್.ಡಿ. ಸುಂದರೇಶ್ ಮೊದಲಾದವರ ಒಡನಾಡಿಯಾಗಿ ಬೆಳೆದರು. ಜಾತಿವಿನಾಶ, ಪುರೋಹಿತರಿಲ್ಲದ ಸರಳ ಮದುವೆ, ಕನ್ನಡದಲ್ಲಿ ಆಡಳಿತ ಈ ಗುಂಪಿನ ನಿತ್ಯದ ಮಾತುಗಳು. 1974ರಲ್ಲಿ ಮೈಸೂರಿನಲ್ಲಿ ಕುವೆಂಪು ಉದ್ಘಾಟಿಸಿದ ಬರಹಗಾರರ ಮತ್ತು ಕಲಾವಿದರ ಒಕ್ಕೂಟದ ಸಮ್ಮೇಳನದ ಹಿಂದೆಯೂ ಇದೇ ಬಳಗ ಇತ್ತು. ಮುಂದೆ ರೈತ ಸಂಘದ ಸಭೆಗಳಲ್ಲಿ ಬೆಲೆ, ಕಂದಾಯಗಳ ಜೊತೆಗೆ ಮದುವೆಯ ದುಂದುವೆಚ್ಚದ ಮಾತೂ ಬರುತ್ತಿದ್ದುದಕ್ಕೆ ಮೂಲ ಈ ಸಹವಾಸ. ಬೆಳೆಯ ಲೆಕ್ಕ ಕೇಳಲು ಬಂದ ರೈತ ಮಗಳ ಮದುವೆಯನ್ನು ಸರಳವಾಗಿ ಮಾಡುವ ತೀರ್ಮಾನ ತೆಗೆದುಕೊಂಡು ಹೋದ ಉದಾಹರಣೆಗಳು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬೇಕಾದಷ್ಟಿವೆ.

ರೈತ ಚಳವಳಿಗೆ ಕಿಡಿ ಬಿದ್ದದ್ದು ಉತ್ತರ ಕರ್ನಾಟಕದಲ್ಲಿ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ಹರಿಯುವ ಮೊದಲೇ ಸರ್ಕಾರ ಅಭಿವೃದ್ಧಿ ಕರ ಕೇಳಿತು. ರೈತರು ತಿರುಗಿಬಿದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಅಂದಿನಿಂದ ಆ ದಿನವನ್ನು ರೈತ ಹುತಾತ್ಮರ ದಿನವೆಂದು ನೆನೆಯಲಾಗುತ್ತಿದೆ. ಅತ್ತ ಶಿವಮೊಗ್ಗದಲ್ಲಿ ಎಚ್.ಎಸ್. ರುದ್ರಪ್ಪ, ಸುಂದರೇಶ್ ಮುಂತಾದವರು ಕಬ್ಬು ಬೆಳೆಗಾರರನ್ನು ಒಗ್ಗೂಡಿಸಿದ್ದರು. ಈ ಎರಡು ಹರಿವುಗಳು ಸೇರಿ 1980ರಲ್ಲೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ನಂಜುಂಡಸ್ವಾಮಿಯವರು ಅದಕ್ಕೆ ವಿಚಾರದ ಬೆನ್ನೆಲುಬಾದರು, ಕೆಲವೇ ವರ್ಷಗಳಲ್ಲಿ ಅದರ ಅಧ್ಯಕ್ಷರೂ ಆದರು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿದ್ದುಹೋಗಲು ಹಳ್ಳಿಗಳ ಸಿಟ್ಟು ಒಂದು ದೊಡ್ಡ ಕಾರಣ. ಆ ಸಿಟ್ಟಿಗೆ ಆಕಾರ ಕೊಟ್ಟದ್ದು ಸಂಘದ ಗುರುತಾದ ಹಸಿರು ಟವಲ್ಲು.

ಸಂಘದ ಹೋರಾಟದ ಬಗೆಗಳನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಪ್ರೊಫೆಸರರ ನಿಜವಾದ ಸ್ವಂತಿಕೆ ಇರುವುದು ಅಲ್ಲಿಯೇ. ಮೊದಲನೆಯದು ಊರ ಮುಂದಿನ ಫಲಕ. ತೆರಿಗೆ, ಸಾಲ ವಸೂಲಿಯ ಅಧಿಕಾರಿಗಳು ಗ್ರಾಮದ ಅಪ್ಪಣೆ ಪಡೆಯದೆ ಒಳಗೆ ಕಾಲಿಡಬಾರದು ಎಂಬ ಬರಹ ಸಾವಿರಾರು ಹಳ್ಳಿಗಳ ಬಾಗಿಲಲ್ಲಿ ನಿಂತಿತು. ಬ್ರಿಟಿಷರ ಕಾಲದಿಂದಲೂ ಅಮಲ್ದಾರರು, ಶೇಕ್‌ದಾರರು ಬಂದರೆ ಎದ್ದು ನಿಲ್ಲುತ್ತಿದ್ದ ರೈತ ಈಗ ಅಧಿಕಾರಿಯನ್ನು ಊರಾಚೆ ನಿಲ್ಲಿಸಿ, ಯಾವ ಕಾಯ್ದೆಯ ಯಾವ ಕಲಮಿನಡಿ ಬಂದಿದ್ದೀರಿ ಎಂದು ಕೇಳತೊಡಗಿದ. ಎರಡನೆಯದು ಮರುಜಪ್ತಿ. ಸಾಲ ಕಟ್ಟದ ರೈತನ ಎತ್ತು, ಗಾಡಿ, ಪಾತ್ರೆಪಡಗ, ಮನೆಯ ಬಾಗಿಲನ್ನೂ ಬಿಡದೆ ಜಪ್ತಿ ಮಾಡುತ್ತಿದ್ದ ಕಾಲ ಅದು. ಸಂಘದವರು ಹಿಂಡಾಗಿ ಬ್ಯಾಂಕು, ಸೊಸೈಟಿಗಳಿಗೆ ಹೋಗಿ, ಜಪ್ತಿಯಾದದ್ದನ್ನು ಬಹಿರಂಗವಾಗಿ, ಹಗಲಿನಲ್ಲೇ ವಾಪಸ್ಸು ತರುತ್ತಿದ್ದರು. ಬಡವನ ಮನೆಯ ಬಾಗಿಲು ಕಿತ್ತೊಯ್ಯುವ ಪದ್ಧತಿ ಕರ್ನಾಟಕದಲ್ಲಿ ನಾಚಿಕೆಗೇಡಿನ ಕೆಲಸವೆಂದು ಎಲ್ಲ ಪಕ್ಷಗಳೂ ಒಪ್ಪುವಂತಾದದ್ದು ಈ ಹೋರಾಟದಿಂದ.

ಮೂರನೆಯದು ಸಾಲದ ಬಗೆಗಿನ ವಾದ. ಧಾನ್ಯಕ್ಕೆ ಲೇವಿ ಹಾಕಿ, ಸಾಗಾಟಕ್ಕೆ ಗಡಿ ಹಾಕಿ, ಮಾರುಕಟ್ಟೆ ದರಕ್ಕಿಂತ ಕಡಿಮೆ ಬೆಲೆಗೆ ಸರ್ಕಾರವೇ ವರ್ಷಗಟ್ಟಲೆ ಕೊಂಡಿದೆ. ಹಾಗೆ ರೈತನ ಕೈತಪ್ಪಿದ ಮೊತ್ತವನ್ನು ಲೆಕ್ಕ ಹಾಕಿದರೆ ಬಾಕಿ ಉಳಿಸಿಕೊಂಡವರು ಯಾರು ಎಂದು ಅವರು ಕೇಳುತ್ತಿದ್ದರು. ಇದು ಭಾವುಕ ಬೇಡಿಕೆಯಾಗಿರಲಿಲ್ಲ, ಲೆಕ್ಕದ ಪುಸ್ತಕ ಹಿಡಿದು ಮಾಡಿದ ವಾದ. ಸಾಲಮನ್ನಾ ಎಂಬುದನ್ನು ದಯೆಯೆಂದು ಕೇಳಬೇಡಿ, ಹಕ್ಕೆಂದು ಕೇಳಿ ಎಂದು ಅವರು ಕಲಿಸಿದರು. ಇಂದು ಸಾಲಮನ್ನಾ ಹಲವು ಪಕ್ಷಗಳ ಪ್ರಣಾಳಿಕೆಗಳಲ್ಲಿ ಬರುತ್ತದೆ, ಆದರೆ ಅದರ ಹಿಂದಿನ ಈ ತರ್ಕ ಎಲ್ಲೂ ಕಾಣಿಸುವುದಿಲ್ಲ. ಇದು ದೊಡ್ಡ ನಷ್ಟ.

1983ರಲ್ಲಿ ತುಮಕೂರು ಕಡೆ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೆಟ್ಟ ನೀಲಗಿರಿ ಸಸಿಗಳನ್ನು ಸಂಘದವರು ಕಿತ್ತುಹಾಕಿದರು. ದನ ಮೇಯುವ ಗೋಮಾಳಕ್ಕೂ ಅಂತರ್ಜಲಕ್ಕೂ ಕುತ್ತು ತರುವ, ತನ್ನ ಕಟ್ಟಿಗೆ ಕಾರ್ಖಾನೆಗೆ ಹೋಗುವ ಮರ ಹಳ್ಳಿಗೆ ಬೇಡ ಎಂಬುದು ವಾದ. ಅಂದು ಅರಣ್ಯ ಇಲಾಖೆ ಇದನ್ನು ಪ್ರಗತಿವಿರೋಧ ಎಂದಿತು. ಬಹಳ ವರ್ಷಗಳ ಮೇಲೆ ಸರ್ಕಾರವೇ ರಾಜ್ಯದಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಚುನಾವಣೆಯ ಕಣದಲ್ಲಿ ಸಂಘದ ಗಳಿಕೆ ಸಣ್ಣದು. 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡೂ ಕ್ಷೇತ್ರಗಳಲ್ಲಿ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದಿಂದ ಉಪಚುನಾವಣೆಯಲ್ಲಿ ಗೆದ್ದು ನಂಜುಂಡಸ್ವಾಮಿಯವರು ವಿಧಾನಸಭೆಗೆ ಬಂದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದರು. ಲಕ್ಷಾಂತರ ಜನರನ್ನು ಬಯಲಿನಲ್ಲಿ ಸೇರಿಸಬಲ್ಲ ಸಂಘಕ್ಕೆ ಮತಪೆಟ್ಟಿಗೆಯಲ್ಲಿ ಆ ಬಲ ಬರಲಿಲ್ಲ. ಚಳವಳಿಯಲ್ಲಿ ಹಸಿರು ಟವಲ್ ಹಾಕಿದವರೇ ಮತದಾನದ ದಿನ ತಮ್ಮ ತಮ್ಮ ಜಾತಿಯ, ಪಕ್ಷದ ಕಡೆಗೆ ಮರಳುತ್ತಿದ್ದರು. ಜಾತಿವಿನಾಶದಿಂದ ರಾಜಕೀಯ ಆರಂಭಿಸಿದ ಪ್ರೊಫೆಸರರನ್ನು ಕೊನೆಗೆ ಸೋಲಿಸಿದ್ದು ಅದೇ ಜಾತಿ. ಬಾಬಾಗೌಡರೂ ಮುಂದೆ ಬೇರೆ ಪಕ್ಷ ಸೇರಿ ಲೋಕಸಭೆಗೆ ಹೋಗಿ ವಾಜಪೇಯಿ ಸಂಪುಟದಲ್ಲಿ ಸಚಿವರಾದರು.

ರಾಷ್ಟ್ರಮಟ್ಟದಲ್ಲಿ ಅವರ ಹೆಸರು ಗಟ್ಟಿಯಾದದ್ದು ತೊಂಬತ್ತರ ದಶಕದಲ್ಲಿ. ಗ್ಯಾಟ್ ಎಂಬ ಜಾಗತಿಕ ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿ ಕೃಷಿ, ಬೌದ್ಧಿಕ ಆಸ್ತಿ ಎರಡೂ ಸೇರಿದ್ದವು. ಮಹಾರಾಷ್ಟ್ರದ ರೈತನಾಯಕ ಶರದ್ ಜೋಶಿ ಮುಕ್ತ ಮಾರುಕಟ್ಟೆ ಬಂದರೆ ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆಂದು ಡಂಕೆಲ್ ಕರಡನ್ನು ಬೆಂಬಲಿಸಿದರು. ನಂಜುಂಡಸ್ವಾಮಿ ನೇರ ಎದುರು ನಿಂತರು, ಉತ್ತರ ಪ್ರದೇಶದ ಮಹೇಂದ್ರ ಸಿಂಗ್ ಟಿಕಾಯತ್ ಅವರ ಜೊತೆ ಸೇರಿದರು. ದೇಶದ ರೈತ ಚಳವಳಿ ಅಂದು ಒಡೆದದ್ದು ಈ ಪ್ರಶ್ನೆಯ ಮೇಲೆ. 1992ರ ಅಕ್ಟೋಬರ್ 2ರಂದು ಹೊಸಪೇಟೆಯಲ್ಲಿ ಬೀಜ ಸತ್ಯಾಗ್ರಹ ಆರಂಭವಾಯಿತು. ಆ ಡಿಸೆಂಬರ್ 29ರಂದು ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್ ಸೀಡ್ಸ್‌ನ ಬೆಂಗಳೂರು ಕಚೇರಿಗೆ ನುಗ್ಗಿದ ರೈತರು ಕಡತಗಳನ್ನು ಬೀದಿಗೆ ತಂದು ಸುಟ್ಟರು. 1993ರ ಮಾರ್ಚ್‌ನಲ್ಲಿ ದೆಹಲಿಯ ಕೆಂಪುಕೋಟೆಯ ಮೈದಾನದಲ್ಲಿ ಹಲವು ರಾಜ್ಯಗಳ ರೈತರು ಸೇರಿದರು. ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಕಾರ್ಗಿಲ್ ಬೀಜ ಘಟಕವನ್ನು ಕೆಡವಿದರು. ಅಕ್ಟೋಬರ್ 2ರಂದು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಅಂತಾರಾಷ್ಟ್ರೀಯ ರ‍್ಯಾಲಿ ನಡೆಯಿತು.

ವಾದ ಸರಳವಾಗಿತ್ತು. ಬೀಜವನ್ನು ಯಾವ ಕಂಪನಿಯೂ ಹುಟ್ಟಿಸಿಲ್ಲ. ಸಾವಿರಾರು ವರ್ಷ ರೈತರು, ಅದರಲ್ಲೂ ಹೆಂಗಸರು, ಆರಿಸಿ ಆರಿಸಿ ಎತ್ತಿಟ್ಟ ತಳಿಯ ಮೇಲೆ ಒಂದಿಷ್ಟು ಬದಲಾವಣೆ ಮಾಡಿದವರು ಪೂರ್ತಿ ಒಡೆತನ ಕೇಳುವಂತಿಲ್ಲ. 2001ರಲ್ಲಿ ಸಂಸತ್ತು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು ಅಂಗೀಕರಿಸಿತು. ಅದರ 39ನೇ ಕಲಮು ರೈತ ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ಹಂಚಿಕೊಳ್ಳಲು, ಬ್ರಾಂಡ್ ಹಾಕದೆ ಮಾರಲು ಹಕ್ಕು ಕೊಟ್ಟಿತು. ಹಲವು ದೇಶಗಳ ಕಾಯ್ದೆಗಳಲ್ಲಿ ಇಷ್ಟು ಸ್ಪಷ್ಟವಾದ ಹಕ್ಕು ಇಲ್ಲ. ದೇಶದ ಅನೇಕ ಸಂಘಟನೆಗಳು, ವಿಜ್ಞಾನಿಗಳು ಇದಕ್ಕಾಗಿ ದುಡಿದರು. ಬೀಜ ಸತ್ಯಾಗ್ರಹದ ಒತ್ತಡವಿಲ್ಲದೆ ಆ ಕಲಮು ಹೀಗೆ ಬರುತ್ತಿರಲಿಲ್ಲ ಎಂದು ಈ ಲೇಖಕ ನಂಬುತ್ತಾನೆ.

1996ರ ಜನವರಿ 30ರಂದು ಬೆಂಗಳೂರಿನ ಕೆಂಟಕಿ ಫ್ರೈಡ್ ಚಿಕನ್ ಮಳಿಗೆಯ ಮೇಲೆ ಸಂಘದವರು ನಡೆಸಿದ ದಾಳಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಯಿತು. 1998ರ ನವೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ಕಡೆ ಮಾನ್ಸಾಂಟೊ ಕಂಪನಿಯ ಕುಲಾಂತರಿ ಹತ್ತಿಯ ಪ್ರಾಯೋಗಿಕ ಬೆಳೆಯನ್ನು ಕಿತ್ತು ಸುಟ್ಟರು. ಹೊಲದ ಮಾಲೀಕರಿಗೂ ತಮ್ಮಲ್ಲಿ ಬೆಳೆಯುತ್ತಿರುವುದು ಏನೆಂಬ ಪೂರ್ಣ ತಿಳಿವಳಿಕೆ ಇರಲಿಲ್ಲ ಎಂಬುದು ಸಂಘದ ಮುಖ್ಯ ಆಕ್ಷೇಪ. ಇಲ್ಲೂ ಪ್ರಶ್ನೆ ಕಾನೂನಿನದೇ: ಒಪ್ಪಿಗೆ ಎಂದರೇನು, ಅದನ್ನು ಕೊಡಬೇಕಾದವರು ಯಾರು? ಸರ್ಕಾರ 2002ರ ಮಾರ್ಚ್‌ನಲ್ಲಿ ಬಿಟಿ ಎಂಬ ಈ ಕುಲಾಂತರಿ ಹತ್ತಿಗೆ ಅನುಮತಿ ಕೊಟ್ಟಿತು. ಆದರೆ ಆಹಾರದ ಬೆಳೆಯಾದ ಬಿಟಿ ಬದನೆಯ ವಿಷಯದಲ್ಲಿ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆದು, 2010ರ ಫೆಬ್ರವರಿಯಲ್ಲಿ ತಡೆ ಬಿತ್ತು. ಅಷ್ಟರಲ್ಲಿ ಪ್ರೊಫೆಸರರು ತೀರಿಕೊಂಡು ಆರು ವರ್ಷವಾಗಿತ್ತು.

ದೇಶದ ಗಡಿಯಾಚೆಗೂ ಅವರ ಕೆಲಸ ಹರಡಿತು. ಲಾ ವಿಯಾ ಕಂಪೆಸಿನಾ ಎಂಬ ಜಾಗತಿಕ ರೈತ ಒಕ್ಕೂಟದಲ್ಲಿ ರೈತ ಸಂಘ ಸದಸ್ಯವಾಯಿತು. 1999ರ ಬೇಸಿಗೆಯಲ್ಲಿ, ಕರ್ನಾಟಕದವರೂ ಸೇರಿ ನೂರಾರು ಭಾರತೀಯ ರೈತರು ಖಂಡಾಂತರ ಜಾಥಾದಲ್ಲಿ ಯುರೋಪಿನ ದೇಶಗಳನ್ನು ಸುತ್ತಿ, ಜರ್ಮನಿಯ ಕಲೋನ್ ನಗರದಲ್ಲಿ ಜಿ-8 ಶೃಂಗಸಭೆಯ ಹೊತ್ತಿಗೆ ಪ್ರತಿಭಟಿಸಿದರು. ವಿದ್ಯಾರ್ಥಿಯಾಗಿ ಒಬ್ಬರೇ ಹೋಗಿದ್ದ ಖಂಡಕ್ಕೆ ಅವರು ಈ ಸಲ ಹಳ್ಳಿಗಳನ್ನೇ ಕರೆದೊಯ್ದರು.

ಇನ್ನು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಈ ಬದುಕಿನ ನಂಟು ಎರಡು ಬಗೆಯದು. ಮೊದಲನೆಯದು ಬೆಳೆಗಳ ಮೂಲಕ ಬಂದದ್ದು. ಈ ಮೂರು ತಾಲ್ಲೂಕುಗಳ ಕಂದಾಯ ಚರಿತ್ರೆ ಬೇರೆ ಬೇರೆ. ಕೊಳ್ಳೇಗಾಲ 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಹನೂರು ಅದರ ಒಳಗೇ ಇದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಯಳಂದೂರನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಗಿತ್ತು. ಈ ಸೀಮೆ ಚಾಮರಾಜನಗರ ಜಿಲ್ಲೆಯೊಳಗೆ ಬಂದದ್ದು 1997ರಲ್ಲಿ. ಆದರೂ ರೈತ ಸಂಘದ ಮಾತು ಮೂರು ಕಡೆಯೂ ನಾಟಿತು, ಏಕೆಂದರೆ ಅದು ಇಲ್ಲಿನ ಹೊಲದಲ್ಲಿ ಕಾಣುವ ಮಾತಾಗಿತ್ತು.

ಕೊಳ್ಳೇಗಾಲದ ರೇಷ್ಮೆಯನ್ನೇ ನೋಡೋಣ. ಹಿಪ್ಪುನೇರಳೆ ಬೆಳೆಯುವವರು, ಹುಳು ಮೇಯಿಸುವವರು, ಗೂಡಿನಿಂದ ನೂಲು ತೆಗೆಯುವ ರೀಲರುಗಳು, ಸೀರೆ ನೇಯುವ ದೇವಾಂಗರು ಎಲ್ಲರೂ ಒಂದೇ ನೂಲಿನಲ್ಲಿ ಬದುಕು ಕಟ್ಟಿಕೊಂಡವರು. ಮಾಂಬಳ್ಳಿ, ಸಂತೇಮರಹಳ್ಳಿಗಳಲ್ಲಿ ಸರ್ಕಾರಿ ನೂಲು ತೆಗೆಯುವ ಕಾರ್ಖಾನೆಗಳು ನಡೆದವು. ವ್ಯಾಪಾರ ತೆರೆದ ಮೇಲೆ ಚೀನಾದ ಅಗ್ಗದ ಕಚ್ಚಾ ರೇಷ್ಮೆ ಬಂದು ಗೂಡಿನ ಬೆಲೆ ಕುಸಿಯಿತು, ಎಷ್ಟೋ ಕಡೆ ಹಿಪ್ಪುನೇರಳೆ ಗಿಡಗಳನ್ನು ಕಿತ್ತರು. ಕೇಂದ್ರ ಸರ್ಕಾರ 2003ರಲ್ಲಿ ಚೀನೀ ರೇಷ್ಮೆಯ ಮೇಲೆ ಸುರಿವಿರೋಧಿ (ಆಂಟಿ ಡಂಪಿಂಗ್) ಸುಂಕ ಹಾಕಬೇಕಾಯಿತು. ಜಿನೀವಾದಲ್ಲಿ ಹಾಕುವ ಸಹಿ ನಿನ್ನ ಸಂತೆಯ ಬೆಲೆಯನ್ನು ನಿರ್ಧರಿಸುತ್ತದೆ ಎಂದು ಪ್ರೊಫೆಸರರು ಹತ್ತು ವರ್ಷ ಹೇಳುತ್ತ ಬಂದದ್ದು ಈ ಜಿಲ್ಲೆಯವರಿಗೆ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಅರ್ಥವಾಯಿತು.

ಹನೂರು ಕಡೆಯ ಖುಷ್ಕಿ ಹೊಲಗಳಲ್ಲಿ ಬೀಜದ ಪ್ರಶ್ನೆ ಇನ್ನೂ ನೇರವಾಗಿದೆ. ರಾಗಿಯ ಒಳ್ಳೆಯ ತೆನೆ ಆರಿಸಿ ಎತ್ತಿಟ್ಟರೆ ಮುಂದಿನ ವರ್ಷಕ್ಕೆ ಬಿತ್ತನೆ ಬೀಜ ಮನೆಯಲ್ಲೇ ಸಿದ್ಧ. ಹೈಬ್ರಿಡ್ ಮುಸುಕಿನ ಜೋಳದಲ್ಲಿ ಹಾಗಾಗದು: ಎತ್ತಿಟ್ಟ ಬೀಜದಿಂದ ಅದೇ ಇಳುವರಿ ಬರುವುದಿಲ್ಲವಾದ್ದರಿಂದ ಪ್ರತಿ ಮುಂಗಾರಿಗೂ ಅಂಗಡಿಗೆ ಹೋಗಬೇಕು. ಒಂದೇ ಹೊಲದ ಎರಡು ಬದಿಯಲ್ಲಿ ಈ ಎರಡು ಬೆಳೆ ಇರುವ ಊರುಗಳಲ್ಲಿ ಬೀಜ ಸ್ವರಾಜ್ಯ ಎಂದರೇನೆಂದು ವಿವರಿಸಲು ಹೆಚ್ಚು ಮಾತು ಬೇಡ. ರೇಷ್ಮೆ ಹುಳುವಿನ ಮೊಟ್ಟೆಯೂ ಮಿಶ್ರತಳಿಯದೇ, ಅದನ್ನೂ ಪ್ರತಿ ಬೆಳೆಗೆ ಹೊರಗಿನಿಂದ ತರಬೇಕು. ಆದರೆ ಅದರ ಉತ್ಪಾದನೆಯಲ್ಲಿ ಸರ್ಕಾರಿ ಬಿತ್ತನೆ ಕೋಠಿಗಳ ಪಾತ್ರ ದೊಡ್ಡದು. ಹೊರಗಿನಿಂದ ಬರುವ ಬೀಜವೆಲ್ಲ ಒಂದೇ ಅಲ್ಲ, ಅದರ ಮೇಲೆ ಹಿಡಿತ ಯಾರದು ಎಂಬುದೇ ಮುಖ್ಯ ಎನ್ನುವುದಕ್ಕೆ ಇದು ಸಾಕ್ಷಿ.

ಎರಡನೆಯ ನಂಟು ಅಮೃತಭೂಮಿ. ಯಳಂದೂರಿನ ಸಮೀಪ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಹೊಂಡರಬಾಳಿನಲ್ಲಿ ನಂಜುಂಡಸ್ವಾಮಿಯವರು 2002ರಲ್ಲಿ ಈ ಕೇಂದ್ರವನ್ನು ಸ್ಥಾಪಿಸಿದರು. ಇಪ್ಪತ್ತು ವರ್ಷ ಬೇಡ ಎನ್ನುವುದನ್ನು ಹೇಳಿದ ಚಳವಳಿ, ಬೇಕು ಎನ್ನುವುದನ್ನು ನೆಲದ ಮೇಲೆ ಬೆಳೆದು ತೋರಿಸಬೇಕು ಎಂಬ ಆಸೆ ಅದರ ಹಿಂದಿತ್ತು. ನಾಟಿ ತಳಿಗಳ ಸಂಗ್ರಹ, ಸಿರಿಧಾನ್ಯ, ಸಹಜ ಕೃಷಿಯ ತರಬೇತಿ ಇಲ್ಲಿನ ಕೆಲಸ. ಈಗ ಇದು ಲಾ ವಿಯಾ ಕಂಪೆಸಿನಾದ ಕೃಷಿ ಪರಿಸರ ಶಾಲೆಗಳಲ್ಲಿ ಒಂದು, ನೆರೆಯ ದೇಶಗಳ ರೈತರೂ ಇಲ್ಲಿಗೆ ಬಂದು ಕಲಿಯುತ್ತಾರೆ. ಅವರ ಮಗಳು ಚುಕ್ಕಿ ನಂಜುಂಡಸ್ವಾಮಿ ಇದನ್ನು ಮುನ್ನಡೆಸುತ್ತಿದ್ದಾರೆ. ಅದೇ ಬೆಟ್ಟದ ಮೇಲಿನ ಸೋಲಿಗ ಆದಿವಾಸಿಗಳಿಗೆ 2011ರಲ್ಲಿ ಗ್ರಾಮಸಭೆಗಳ ಮೂಲಕ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದು ಬೇರೆ ಹೋರಾಟದ, ಬೇರೆ ಸಂಘಟನೆಗಳ ಫಲ. ಆದರೆ ಊರೇ ಮೊದಲ ಅಧಿಕಾರ ಎಂಬ ತತ್ವ ಕಾಯ್ದೆಯಲ್ಲಿ ನೆಲೆಗೊಂಡದ್ದನ್ನು ನೋಡಿದ್ದರೆ ಪ್ರೊಫೆಸರರು ಸಂತೋಷಪಡುತ್ತಿದ್ದರು.

ಅವರ ಮೇಲಿನ ಟೀಕೆಗಳು ಗಂಭೀರವಾದವು. ಸಂಘ ಭೂಮಿ ಇದ್ದವರ ಸಂಘವೇ ಆಯಿತು, ಕೂಲಿಯ ಪ್ರಶ್ನೆಯನ್ನು ಬೆಲೆಯ ಪ್ರಶ್ನೆಯಷ್ಟು ಗಟ್ಟಿಯಾಗಿ ಎತ್ತಲಿಲ್ಲ ಎಂಬುದು ಮೊದಲನೆಯದು. ಹಳ್ಳಿಯನ್ನೆಲ್ಲ ಒಂದೇ ಎಂದು ನೋಡಿ, ಶೋಷಣೆ ಇರುವುದು ಪಟ್ಟಣ ಮತ್ತು ಹಳ್ಳಿಗಳ ನಡುವೆ ಎಂಬ ನಿಲುವು ಹಳ್ಳಿಯೊಳಗಿನ ಕೇರಿಯನ್ನು ಮರೆಸಿತು. ಭೂಮಿಯಿಲ್ಲದ ದಲಿತ ಕುಟುಂಬಗಳು ಹೆಚ್ಚಿರುವ ಕೊಳ್ಳೇಗಾಲ, ಯಳಂದೂರು ಕಡೆ ಈ ಕೊರತೆ ಎದ್ದು ಕಾಣುತ್ತಿತ್ತು, ಆ ಜನ ದಲಿತ ಸಂಘರ್ಷ ಸಮಿತಿಯಲ್ಲೇ ತಮ್ಮ ದನಿ ಕಂಡುಕೊಂಡರು. ಟೀಕೆ ಸರಿಯಾದದ್ದೇ. ಆಸ್ತಿಗೆ ಹಾನಿ ಮಾಡುವುದು ಗಾಂಧೀಮಾರ್ಗವೇ ಎಂಬ ಪ್ರಶ್ನೆಯೂ ಬಂತು. ಜೀವಕ್ಕೆ ನೋವು ಮಾಡದೆ, ಹೆಸರು ಮುಚ್ಚಿಡದೆ, ಮೊಕದ್ದಮೆ ಎದುರಿಸಲು ಸಿದ್ಧರಾಗಿ ಮಾಡಿದ್ದು ಹಿಂಸೆಯಲ್ಲ ಎಂದು ಅವರು ವಾದಿಸಿದರು. ಎಲ್ಲರೂ ಒಪ್ಪಲಿಲ್ಲ. ನಿಷ್ಠುರ ಸ್ವಭಾವದ ಒಬ್ಬರ ಸುತ್ತಲೇ ಸಂಘ ಸುತ್ತುತ್ತಿತ್ತು ಎಂಬ ದೂರು ಒಳಗಿನವರದು. ಅವರು ಇದ್ದಾಗಲೇ ಬಣಗಳಾದವು.

2004ರ ಫೆಬ್ರವರಿ 3ರಂದು ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುವರ್ಷ ಲೇಖಕ ದೇವನೂರ ಮಹಾದೇವ ಮುಂತಾದವರು ದಲಿತ, ರೈತ ಚಳವಳಿಗಳನ್ನು ಒಂದುಗೂಡಿಸುವ ಪ್ರಯತ್ನವಾಗಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದರು. ಆ ಪಕ್ಷದಿಂದ ಪುಟ್ಟಣ್ಣಯ್ಯ 2013ರಲ್ಲಿ, ಅವರ ಮಗ ದರ್ಶನ್ 2023ರಲ್ಲಿ ಮೇಲುಕೋಟೆಯಿಂದ ಗೆದ್ದರು. 2020ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಹೆಚ್ಚಿನ ಆದಾಯದವರೂ ಸಾಗುವಳಿ ಭೂಮಿ ಕೊಳ್ಳಲು ದಾರಿ ಮಾಡಿತು. ಒಡೆದುಹೋಗಿದ್ದ ರೈತ ಬಣಗಳು ದಲಿತ ಸಂಘಟನೆಗಳ ಜೊತೆ ಸೇರಿ ಬೆಂಗಳೂರಿನಲ್ಲಿ ಪ್ರತಿಭಟಿಸಿದವು, ಕಲಮುಗಳನ್ನು ಮರಳಿ ಸೇರಿಸಬೇಕೆಂಬ ಬೇಡಿಕೆಯನ್ನು ಮುಂದಿಟ್ಟವು.